ಮದರ್‌ವೆಲ್ ಬದುಕನ್ನು ಕನ್ನಡದಲ್ಲಿ ಬರೆಯಹೊರಟಾಗ

ಕೆನಡಾದ ರೆಜೈನಾದಲ್ಲಿರುವ ಮಗಳ ಮನೆಗೆ ಬಂದಿದ್ದ ಬೇಸಿಗೆಯಲ್ಲಿ ಅಬರ್ನೆತಿ ಊರಿನ ಬಳಿ ಸ್ಮಾರಕವಾಗಿ ಉಳಿಸಿಕೊಂಡಿರುವ ವಿಲಿಯಂ ರಿಚರ್ಡ್ ಮದರ್‌ವೆಲ್ ಅವರ ತೋಟದ ಮನೆಯನ್ನು ನೋಡಿದೆ. ಸಸ್ಕಾಚೆವಾನ್ ಪ್ರಾಂತ್ಯದ ಈ ಮೊದಲ ಕೃಷಿ ಸಚಿವರ ಬಗ್ಗೆ ನಮ್ಮ ಚಿತ್ರದುರ್ಗದ ಕಡೆಯ ರೈತರು ಓದುವಂಥ ಒಂದು ಲೇಖನ ಬರೆಯಬೇಕೆಂದು ಅಲ್ಲಿಯೇ ನಿಶ್ಚಯಿಸಿದೆ.

ಮೊದಲ ಕರಡನ್ನು ಪದವಿಗಳ ಕ್ರಮದಲ್ಲಿ ಬರೆದೆ: 1860ರಲ್ಲಿ ಒಂಟಾರಿಯೊದ ಪರ್ತ್ ಬಳಿ ಜನನ, ಗ್ವೆಲ್ಫ್‌ನಲ್ಲಿ ಕೃಷಿ ವ್ಯಾಸಂಗ, 1882ರಲ್ಲಿ ಪಶ್ಚಿಮದ ಬಯಲಿಗೆ ವಲಸೆ, 1905ರಿಂದ 1918ರವರೆಗೆ ಪ್ರಾಂತ್ಯದ ಸಚಿವಗಿರಿ, ಮುಂದೆ ಪ್ರಧಾನಿ ಮೆಕೆಂಜಿ ಕಿಂಗ್ ಸಂಪುಟದಲ್ಲಿ ಕೇಂದ್ರದ ಕೃಷಿ ಖಾತೆ. ಮೂವತ್ತು ವರ್ಷ ಸರ್ಕಾರಿ ಇಲಾಖೆಯಲ್ಲಿ ದುಡಿದ ನನ್ನ ಕೈ ಸರ್ವಿಸ್ ರಿಜಿಸ್ಟರನ್ನಲ್ಲದೆ ಬೇರೇನು ಬರೆದೀತು!

ಊರಿನಲ್ಲಿ ಬೇಸಾಯ ಮಾಡಿಕೊಂಡಿರುವ ಅಣ್ಣನಿಗೆ ಫೋನಿನಲ್ಲಿ ಓದಿ ಹೇಳಿದಾಗ, ಮದರ್‌ವೆಲ್ ಒಂದು ವರ್ಷ ಹೊಲವನ್ನು ಬೀಳು ಬಿಟ್ಟು ಮರುವರ್ಷ ಗೋಧಿ ಬಿತ್ತುತ್ತಿದ್ದರೆಂಬ ವಾಕ್ಯದ ಹತ್ತಿರ ಅವನು ತಡೆದ. "ಬೀಳು ಬಿಟ್ಟ ಹೊಲದಾಗೆ ಹುಲ್ಲು ಬೆಳೀತೈತೆ ಕಣೋ, ಇದ್ದ ಹಸಿನೆಲ್ಲಾ ಅದೇ ಕುಡೀತೈತೆ" ಎಂದ. ಅವನ ಮಾತು ಸರಿಯಾಗಿತ್ತು. ಇಲ್ಲಿಯವರ ಆಗಿನ ಪದ್ಧತಿಯಲ್ಲಿ ಆ ವರ್ಷ ಬಿತ್ತುತ್ತಿರಲಿಲ್ಲವೇ ಹೊರತು, ಬೇಸಿಗೆಯುದ್ದಕ್ಕೂ ಉತ್ತು, ಕಳೆ ಏಳದಂತೆ ನೋಡಿಕೊಂಡು, ಮಳೆಯ ತೇವವನ್ನು ಮಣ್ಣಿನಲ್ಲಿ ಹಿಡಿದಿಡುತ್ತಿದ್ದರು. ಇದರ ಬೆಲೆ ಗೊತ್ತಾದದ್ದು ಆಕಸ್ಮಿಕವಾಗಿ: ಕೆನಡಾ ಸರ್ಕಾರದ ವಿರುದ್ಧ ಈ ಭಾಗದಲ್ಲಿ ಎದ್ದ 1885ರ ಬಂಡಾಯದ ಕಾಲದಲ್ಲಿ ರೈತರ ಕುದುರೆಗಳು ಸೈನ್ಯದ ಸಾಮಾನು ಸಾಗಿಸಲು ಹೋದವು. ಇಂಡಿಯನ್ ಹೆಡ್ ಊರಿನ ರೈತ ಆಂಗಸ್ ಮೆಕೇ ಅವರ ಕೆಲವು ಹೊಲ ಬಿತ್ತದೆಯೇ ಉಳಿಯಿತು. 1886ರ ಬರದಲ್ಲಿ ಆ ನೆಲವೇ ಬೆಳೆ ಕೊಟ್ಟಿತು. ಸಚಿವರಾದ ಮೇಲೆ ಮದರ್‌ವೆಲ್ ಊರೂರಿಗೆ ಸಾರಿದ್ದು ಈ ಒಣ ಬೇಸಾಯವನ್ನೇ. ನಾನು "ಬೀಳು" ಎಂಬುದನ್ನು ಹೊಡೆದು "ಬಿತ್ತದೆ ಉತ್ತಿಟ್ಟ ಹೊಲ" ಎಂದು ತಿದ್ದಿದೆ. ನಮ್ಮ ಮಾಗಿ ಉಳುಮೆಗೂ ಇದಕ್ಕೂ ಹತ್ತಿರದ ನಂಟಿದೆ.

ಅಲ್ಲಿಗೆ ಲೇಖನದ ಕ್ರಮವನ್ನೇ ಬದಲಾಯಿಸಿ, ಪದವಿಗಳನ್ನು ಹಿಂದಕ್ಕೆ ಸರಿಸಿ, ಹೊಲ ಮತ್ತು ರೈಲ್ವೆ ವ್ಯಾಗನ್ನುಗಳನ್ನು ಮುಂದಕ್ಕೆ ತಂದೆ. 1901ರಲ್ಲಿ ಬೆಳೆ ಭರ್ಜರಿಯಾಗಿ ಬಂದರೂ ಅದನ್ನು ಸಾಗಿಸಲು ವ್ಯಾಗನ್ ಸಿಗದೆ, ಸಿಕ್ಕವೂ ಧಾನ್ಯ ಗೋದಾಮು ಕಂಪನಿಗಳ ಪಾಲಾಗುತ್ತಿದ್ದಾಗ, ಅದೇ ಡಿಸೆಂಬರಿನಲ್ಲಿ ಇಂಡಿಯನ್ ಹೆಡ್‌ನಲ್ಲಿ ಸೇರಿದ ರೈತರು ಧಾನ್ಯ ಬೆಳೆಗಾರರ ಸಂಘ ಕಟ್ಟಿ ಮದರ್‌ವೆಲ್ಲರನ್ನು ಅಧ್ಯಕ್ಷರನ್ನಾಗಿ ಆರಿಸಿದರು. ಮರುವರ್ಷ ಸಿಂಟಲೂಟಾ ನಿಲ್ದಾಣದ ರೈಲ್ವೆ ಏಜೆಂಟನ ಮೇಲೆ ಮೊಕದ್ದಮೆ ಹೂಡಿ ಗೆದ್ದರು. ನಿಲ್ದಾಣದ ಪುಸ್ತಕದಲ್ಲಿ ಹೆಸರು ಬರೆಸಿದ ಸರದಿಯಂತೆ ವ್ಯಾಗನ್ ಕೊಡಲೇಬೇಕೆಂಬುದು ಗಟ್ಟಿಯಾಯಿತು. ನನ್ನ ಮಟ್ಟಿಗೆ ಅವರ ಸಚಿವಗಿರಿ ಶುರುವಾಗುವುದು 1905ರಲ್ಲಲ್ಲ, ಈ ಸರದಿ ಪುಸ್ತಕದಲ್ಲಿ. ಕೇಂದ್ರದ ವರ್ಷಗಳಿಗೆ ಎರಡೇ ಸಾಲು ಉಳಿಸಿದೆ.

ತಿದ್ದಿದ ಪ್ರತಿಯನ್ನು ಓದಿಸಿಕೊಂಡ ಅಣ್ಣ ಕೇಳಿದ್ದು ಒಂದೇ ಪ್ರಶ್ನೆ: ದನಗಳಿಗೆ ನೀರು ಎಲ್ಲಿಂದ? 1897ರಲ್ಲಿ ಕಟ್ಟಿದ ಕಲ್ಲಿನ ಮನೆಯನ್ನು ವರ್ಣಿಸುವ ಭರದಲ್ಲಿ ಅದನ್ನೇ ಬಿಟ್ಟಿದ್ದೆ. ಗಾಳಿಗೆ ಅಡ್ಡಲಾಗಿ ನೆಟ್ಟ ಮರಗಳ ಸಾಲು ಚಳಿಗಾಲದ ಹಿಮವನ್ನು ತಡೆದು ನಿಲ್ಲಿಸುತ್ತದೆ, ಅದು ಕರಗಿ ತೋಡಿದ ಹೊಂಡಕ್ಕೆ ಇಳಿಯುತ್ತದೆ ಎಂಬ ಸಾಲನ್ನು ಸೇರಿಸಿ ಲೇಖನವನ್ನು ಕಳುಹಿಸಿಕೊಟ್ಟೆ.