ಸ್ಲೋ ಲೋಕಲ್‌ನಲ್ಲಿ ಓದಿದ ಬಿ.ಕಾಂ.

ಮುಂಬಯಿಯ ಕನ್ನಡ ರಾತ್ರಿಶಾಲೆಯಲ್ಲಿ ಓದುತ್ತಿದ್ದಾಗ ನಾನು ಎರಡು ದಿನ ತರಗತಿ ತಪ್ಪಿಸಿದರೆ, ಮೂರನೆಯ ದಿನ ಮೇಷ್ಟ್ರು ನಾನು ಕೆಲಸಕ್ಕಿದ್ದ ಹೋಟೆಲಿನ ಗಲ್ಲಾದ ಮುಂದೆ ಬಂದು ನಿಲ್ಲುತ್ತಿದ್ದರು. ಚಹಾ ಕುಡಿಯುತ್ತ, ಮಾಲಕರಿಗೂ ಕೇಳಿಸುವಂತೆ "ಹುಡುಗನಿಗೆ ಮೈ ಸರಿಯಿಲ್ಲವೋ?" ಎಂದು ವಿಚಾರಿಸುತ್ತಿದ್ದರು. ಆಗ ಅದು ಅವಮಾನವೆನಿಸುತ್ತಿತ್ತು. ಹನ್ನೆರಡನೆಯದನ್ನೂ ರಾತ್ರಿಯೇ ಓದಿ ಮುಗಿಸಿ, ಬಹಳ ವರ್ಷಗಳ ಮೇಲೆ 2007ರಲ್ಲಿ ದೂರಶಿಕ್ಷಣದ ಬಿ.ಕಾಂ.ಗೆ ಹೆಸರು ಹಚ್ಚಿದಾಗ ಆ ಮೇಷ್ಟ್ರ ನೆನಪು ದಿನಾ ಬರತೊಡಗಿತು. ಏಕೆಂದರೆ ನಾನು ತಿಂಗಳುಗಟ್ಟಲೆ ಪುಸ್ತಕ ತೆರೆಯದಿದ್ದರೂ ಕೇಳುವವರು ಈಗ ಯಾರೂ ಇರಲಿಲ್ಲ.

ಅಷ್ಟರಲ್ಲಿ ನಾನು ಮಸ್ಜಿದ್ ಬಂದರಿನ ಒಣಹಣ್ಣಿನ ವ್ಯಾಪಾರಿಯೊಬ್ಬರ ಪೇಢಿಯಲ್ಲಿ ಲೆಕ್ಕ ಬರೆಯುತ್ತಿದ್ದೆ, ಮನೆ ಡೊಂಬಿವಲಿಯಲ್ಲಿತ್ತು. ಮೈಸೂರಿನಿಂದ ಓದಿದರೆ ಕನ್ನಡದಲ್ಲಿ ಉತ್ತರ ಬರೆಯಬಹುದೆಂಬ ಆಸೆಯೇನೋ ಇತ್ತು. ಮೈಸೂರು ವಿಶ್ವವಿದ್ಯಾಲಯ 1969ರಲ್ಲಿಯೇ ಆರಂಭಿಸಿದ್ದ ಅಂಚೆ ತೆರಪಿನ ಶಿಕ್ಷಣವೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಗಿ ಬೆಳೆದಿತ್ತು. ಆದರೆ ಪರೀಕ್ಷೆಗೆಂದು ಹದಿನೈದು ದಿನ ಊರಿಗೆ ಹೋಗಿ ಕೂರಲು ಶೇಠರು ರಜೆ ಕೊಡುವಂತಿರಲಿಲ್ಲ. ನಾಸಿಕದ ಯಶವಂತರಾವ್ ಚವಾಣ್ ಮುಕ್ತ ವಿಶ್ವವಿದ್ಯಾಲಯವಿತ್ತು, ಆದರೆ ನನ್ನ ಮರಾಠಿ ಬಾಯಿಗೆ ಬರುವಷ್ಟು ಕೈಗೆ ಬರುವುದಿಲ್ಲ. ಹೀಗೆ ಉಳಿದದ್ದು ಇಗ್ನೋ, ಅಂದರೆ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ. ಜೂನ್ ಮತ್ತು ಡಿಸೆಂಬರ್ ಎಂದು ವರ್ಷಕ್ಕೆರಡು ಬಾರಿ ಪರೀಕ್ಷೆ, ಸಾಧ್ಯವಾದಷ್ಟೇ ವಿಷಯ ಕಟ್ಟಿಕೊಳ್ಳುವ ಸ್ವಾತಂತ್ರ್ಯ ಮತ್ತು ಮುಂಬಯಿಯಲ್ಲೇ ಪರೀಕ್ಷಾ ಕೇಂದ್ರ, ಇವಿಷ್ಟು ನನ್ನಂಥವನಿಗೆ ಸಾಕಾಗಿದ್ದವು. ಈಗಂತೂ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) ನಿಯಮದಂತೆ ರಾಜ್ಯದ ವಿಶ್ವವಿದ್ಯಾಲಯಗಳು ತಮ್ಮ ರಾಜ್ಯದ ಗಡಿಯೊಳಗೇ ದೂರಶಿಕ್ಷಣ ನಡೆಸಬೇಕಾಗಿರುವುದರಿಂದ, ಹೊರನಾಡ ಕನ್ನಡಿಗರು ಹಣ ಕಟ್ಟುವ ಮೊದಲು ಇದನ್ನು ನೋಡಿಕೊಳ್ಳಲೇಬೇಕು.

ಪ್ರವೇಶದ ಪುಸ್ತಿಕೆಯಲ್ಲಿ ನಾನು ಮೊದಲು ಗುರುತು ಹಾಕಿಕೊಂಡದ್ದು ಒಂದು ಲೆಕ್ಕವನ್ನು. ಪದವಿಗೆ 96 ಕ್ರೆಡಿಟ್, ಒಂದು ಕ್ರೆಡಿಟ್ ಎಂದರೆ 30 ಗಂಟೆಯ ಓದು; ಒಟ್ಟು 2,880 ಗಂಟೆ. ಮೂರು ವರ್ಷದಲ್ಲಿ ಮುಗಿಸಬೇಕೆಂದರೆ ದಿನಕ್ಕೆ ಎರಡೂವರೆ ಗಂಟೆಗೂ ಹೆಚ್ಚು, ದೀಪಾವಳಿ ಗಣೇಶ ಚೌತಿ ಎನ್ನದೆ. ಐದು ವರ್ಷಕ್ಕೆ ಹಂಚಿದರೆ ಒಂದೂವರೆ ಗಂಟೆಯ ಆಸುಪಾಸು. ಗರಿಷ್ಠ ಆರು ವರ್ಷದ ಅವಕಾಶವಿದ್ದುದರಿಂದ ನಾನು ಮೊದಲ ದಿನವೇ ಐದು ವರ್ಷವೆಂದು ಬರೆದಿಟ್ಟುಕೊಂಡೆ. ನನ್ನ ಜೊತೆಗೆ ಸೇರಿದವರಲ್ಲಿ ಮೂರೇ ವರ್ಷವೆಂದು ಹಟ ಹಿಡಿದ ಇಬ್ಬರು ಎರಡನೆಯ ವರ್ಷಕ್ಕೇ ಬಿಟ್ಟರು. ನನಗಿಂತ ಜಾಣರೇ ಅವರು, ಆದರೆ ಒಮ್ಮೆ ಹಿಂದೆ ಬಿದ್ದೆವೆಂಬ ನಾಚಿಕೆಯನ್ನು ನುಂಗಿಕೊಳ್ಳಲಾಗಲಿಲ್ಲ.

ಆ ಒಂದೂವರೆ ಗಂಟೆ ನನಗೆ ಸಿಕ್ಕಿದ್ದು ಎರಡು ತುಂಡುಗಳಲ್ಲಿ. ಫಾಸ್ಟ್ ಲೋಕಲ್ ಮಸ್ಜಿದ್‌ನಲ್ಲಿ ನಿಲ್ಲುವುದಿಲ್ಲ, ಆದರೂ ಹೆಚ್ಚಿನವರು ಅದನ್ನೇ ಹಿಡಿದು ಮುಂದೆ ಇಳಿದು ಹಿಂದಕ್ಕೆ ನಡೆಯುತ್ತಾರೆ. ನಾನು ಡೊಂಬಿವಲಿಯಿಂದಲೇ ಹೊರಟು ಎಲ್ಲ ನಿಲ್ದಾಣಗಳಲ್ಲೂ ನಿಲ್ಲುವ ಸ್ಲೋ ಗಾಡಿಯನ್ನು ಆರಿಸಿಕೊಂಡೆ. ಸಮಯ ಹೆಚ್ಚು ಹಿಡಿದರೂ ಕೂರಲು ಜಾಗ ಸಿಗುತ್ತಿತ್ತು. ಠಾಣೆಯವರೆಗೆ ತೊಡೆಯ ಮೇಲೆ ಪುಸ್ತಕ ಬಿಡಿಸಿಡಬಹುದು. ಠಾಣೆಯ ನಂತರ ಮೊಣಕಾಲಿಗೆ ಮೊಣಕಾಲು ತಾಗುವಂತೆ ಜನ ನಿಲ್ಲುವುದರಿಂದ ಪುಸ್ತಕ ಮಡಚಿ, ಓದಿದ್ದನ್ನು ಘಾಟ್ಕೋಪರ್, ಕುರ್ಲಾ ದಾಟುವವರೆಗೆ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ. ವಾಣಿಜ್ಯ ಕಾನೂನು, ಲೆಕ್ಕಪರಿಶೋಧನೆ, ವ್ಯವಹಾರ ಸಂಘಟನೆ ಇವೆಲ್ಲ ರೈಲಿನಲ್ಲಿ ಆಗುವ ವಿಷಯಗಳು. ಅಕೌಂಟೆನ್ಸಿ ಮತ್ತು ಸಂಖ್ಯಾಶಾಸ್ತ್ರ ಆಗುವುದಿಲ್ಲ. ಬಿಡಿಸಿದ ಲೆಕ್ಕವನ್ನು ಕಣ್ಣಿನಿಂದ ಓದಿದರೆ ಎಲ್ಲವೂ ತಿಳಿದಂತೆ ಕಾಣುತ್ತದೆ, ಕಾಗದ ಹಿಡಿದಾಗ ಎರಡನೆಯ ಸಾಲಿಗೇ ಕೈ ನಿಲ್ಲುತ್ತದೆ. ಈ ವ್ಯತ್ಯಾಸ ಗೊತ್ತಾಗುವಷ್ಟರಲ್ಲಿ ನಾನು ಅಕೌಂಟೆನ್ಸಿಯಲ್ಲಿ ಒಮ್ಮೆ ಫೇಲಾಗಿದ್ದೆ.

ಮುಂದೆ ಅಕೌಂಟೆನ್ಸಿಗೆ ಬೆಳಗಿನ ಜಾವದ ಹೊತ್ತು ಸಿಕ್ಕಿತು. ನಮ್ಮ ಚಾಳಿನಲ್ಲಿ ನೀರು ಬರುತ್ತಿದ್ದುದು ನಾಲ್ಕೂಮುಕ್ಕಾಲಿಗೆ, ಯಾರಾದರೊಬ್ಬರು ಏಳಲೇಬೇಕಿತ್ತು. ಡ್ರಮ್ಮಿಗೆ ಪೈಪು ಬಿಟ್ಟು, ಹೆಂಡತಿಯ ಹೊಲಿಗೆ ಯಂತ್ರದ ಮುಚ್ಚಳವನ್ನೇ ಮೇಜು ಮಾಡಿಕೊಂಡು ಕೂರುತ್ತಿದ್ದೆ. ಒಂದು ಬೆಳಿಗ್ಗೆ ಜಮಾ-ಖರ್ಚು ತಾಳೆ ನೋಡುವ ತಾಳೆಪಟ್ಟಿಯ ಎರಡು ಬದಿಗಳ ನಡುವೆ 63 ರೂಪಾಯಿ ವ್ಯತ್ಯಾಸ ಉಳಿದು, ಎಷ್ಟು ಕೂಡಿಸಿದರೂ ಹೊಂದಲಿಲ್ಲ. ಅದನ್ನೇ ಪೇಢಿಗೆ ಒಯ್ದು ಅಲ್ಲಿನ ಹಳೆಯ ಲೆಕ್ಕಿಗರಾದ ಮೆಹತಾಜಿಗೆ ತೋರಿಸಿದೆ. ಅವರು ಮೊತ್ತವನ್ನು ನೋಡಲೇ ಇಲ್ಲ, 63 ಒಂಬತ್ತರಿಂದ ಭಾಗವಾಗುತ್ತದೆಯಾದ್ದರಿಂದ ಎಲ್ಲೋ ಅಂಕಿ ತಿರುವುಮುರುವಾಗಿರಬೇಕು ಎಂದರು. ಹುಡುಕಿದರೆ 81 ಎಂದಿದ್ದುದನ್ನು ನಾನು 18 ಎಂದು ಇಳಿಸಿಕೊಂಡಿದ್ದೆ. ಕೆಲಸ ಮಾಡುತ್ತ ಓದುವವನಿಗೆ ದಕ್ಕುವ ಲಾಭ ಈ ಬಗೆಯದು. ನನ್ನ ಪಾಠವೂ ನನ್ನ ಹೊಟ್ಟೆಪಾಡೂ ಒಂದೇ ಮೇಜಿನ ಮೇಲಿದ್ದವು.

ಭಾಷೆಯ ತೊಡಕು ಹೆಚ್ಚು ಕಾಲ ಕಾಡಿತು. ಹತ್ತನೆಯವರೆಗೆ ಕನ್ನಡದಲ್ಲಿ ಓದಿದ ನನಗೆ ಇಂಗ್ಲಿಷ್ ಪುಸ್ತಕದ ವಾಕ್ಯಗಳು ಮೊದಲ ಓದಿಗೆ ಬಿಡಿಸಿಕೊಳ್ಳುತ್ತಿರಲಿಲ್ಲ. ಒಂದು ಉದ್ದನೆಯ ವಹಿಯಲ್ಲಿ ನಾಲ್ಕು ಅಂಕಣ ಮಾಡಿ ಇಂಗ್ಲಿಷ್ ಮಾತು, ಕನ್ನಡದ ಮಾತು, ಪೇಢಿಯಲ್ಲಿ ಬಳಸುವ ಮಾತು ಮತ್ತು ಒಂದು ಉದಾಹರಣೆ ಬರೆಯುತ್ತ ಹೋದೆ. ವ್ಯವಹಾರಗಳನ್ನು ಮೊದಲು ದಾಖಲಿಸುವ ಜರ್ನಲ್‌ನ ವಿವರಣೆ ಮೂರು ಪುಟವಿತ್ತು; ಅದರ ಎದುರಿಗೆ ಊರಿನ ಅಂಗಡಿಯ ಕಿರ್ದಿಯನ್ನೂ ಶೇಠರ ದಿನದ ಲೆಕ್ಕದ ವಹಿಯಾದ ರೋಜ್‌ಮೇಳವನ್ನೂ ಬರೆದು ನೋಡಿದಾಗ, ಯಾವುದು ಎಲ್ಲಿ ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ ಎಂಬುದು ಒಂದೇ ಸಂಜೆಯಲ್ಲಿ ತಿಳಿಯಿತು. ಡಿಪ್ರಿಸಿಯೇಶನ್ ಎಂಬುದು ಸವಕಳಿ ಎಂದಾದ ಮೇಲೆ ಶೇಠರ ಹಳೆಯ ತಕ್ಕಡಿಯೇ ಕಣ್ಣಮುಂದೆ ಬಂದು ನಿಲ್ಲುತ್ತಿತ್ತು.

ಅಸೈನ್‌ಮೆಂಟುಗಳ ವಿಷಯದಲ್ಲಿ ನಾನು ಮಾಡಿದ ತಪ್ಪನ್ನು ಹೇಳಲೇಬೇಕು. ಅವುಗಳಿಗೆ ನೂರಕ್ಕೆ 30ರ ತೂಕ, ಪರೀಕ್ಷೆಗೆ 70. ಮಾರ್ಚ್ ಕೊನೆಯೊಳಗೆ ಒಪ್ಪಿಸಬೇಕಾಗಿದ್ದವನ್ನು ನಾನು ತಿಂಗಳು ಮೊದಲೇ, ಕೈ ನೋಯುವಷ್ಟು ಬರೆದು, ಹೆಮ್ಮೆಯಿಂದ ಒಯ್ದುಕೊಟ್ಟೆ. ಅವು ಹಿಂದಿನ ವರ್ಷದ ಪ್ರಶ್ನೆಗಳಾಗಿದ್ದವು! ಗೆಳೆಯನೊಬ್ಬನ ಜೆರಾಕ್ಸ್ ಪ್ರತಿಯ ಮೇಲಿದ್ದ ವರ್ಷವನ್ನು ನಾನು ನೋಡಿಯೇ ಇರಲಿಲ್ಲ. ಎಲ್ಲವನ್ನೂ ಮತ್ತೆ ಬರೆಯಬೇಕಾಯಿತು. ಆದರೆ ಎರಡೆರಡು ಬಾರಿ ಬರೆದ ಆ ವರ್ಷವೇ ನನ್ನ ಕೈ ಪರೀಕ್ಷೆಗೆ ಪಳಗಿತು. ವರ್ಷಗಟ್ಟಲೆ ಬರೀ ಅಂಕಿ ಬರೆದ ಕೈಗೆ ಮೂರು ಗಂಟೆ ಸತತವಾಗಿ ವಾಕ್ಯ ಬರೆಯುವುದು ಎಷ್ಟು ಕಷ್ಟವೆಂಬುದು ಕಾಲೇಜಿನ ಹುಡುಗರಿಗೆ ತಿಳಿಯಲಾರದು. ಜೂನ್ ಪರೀಕ್ಷೆಗೆ ಮುಂಬಯಿಯಲ್ಲಿ ಇನ್ನೊಂದು ಗಂಡಾಂತರವಿದೆ, ಮಳೆ. ಕುರ್ಲಾ, ಸಾಯನ್ ಬಳಿ ಹಳಿಗೆ ನೀರು ನಿಂತರೆ ಗಾಡಿ ನಿಂತಲ್ಲೇ ನಿಲ್ಲುತ್ತದೆ. ಅದಕ್ಕೇ ನಾನು ಎರಡು ಗಂಟೆ ಮೊದಲೇ ಹೋಗಿ ಕೇಂದ್ರದ ಎದುರಿನ ಹೋಟೆಲಿನಲ್ಲಿ ಕೂರುತ್ತಿದ್ದೆ.

ಕೇಳುವವರಿಲ್ಲವೆಂಬ ಕೊರತೆಗೆ ಮದ್ದು ಸಿಕ್ಕಿದ್ದು ಭಾನುವಾರದ ಸಂಪರ್ಕ ತರಗತಿಯಲ್ಲಿ. ಪಾಠಕ್ಕಿಂತಲೂ ಅಲ್ಲಿ ಸಿಕ್ಕ ಇಬ್ಬರು ನನಗೆ ದೊಡ್ಡ ಲಾಭ. ಒಬ್ಬಾಕೆ ಮುಲುಂಡಿನ ನರ್ಸು, ಇನ್ನೊಬ್ಬ ಕಲ್ಯಾಣದ ಮೀಟರ್ ರಿಪೇರಿಯವನು. ಇಬ್ಬರಿಗೂ ಕನ್ನಡ ಬಾರದು. ಭಾನುವಾರ ರಾತ್ರಿ ಮೂವರೂ ಆ ವಾರ ಎಷ್ಟು ಯೂನಿಟ್ಟು, ಅಂದರೆ ಪಾಠ, ಮುಗಿಸಿದೆವೆಂಬುದನ್ನು ಎಸ್‌ಎಂಎಸ್ ಮಾಡಬೇಕೆಂದು ಒಪ್ಪಿಕೊಂಡೆವು. ಸೊನ್ನೆಯಾದರೆ ಸೊನ್ನೆಯೆಂದೇ ಬರೆಯಬೇಕು. ಆ ಸೊನ್ನೆ ಬರೆಯುವ ಸಂಕಟಕ್ಕೆ ಹೆದರಿ ನಾನು ಎಷ್ಟೋ ಶನಿವಾರ ರಾತ್ರಿ ಹನ್ನೆರಡರವರೆಗೆ ಓದಿದ್ದೇನೆ. ಮೂವರೂ ಪದವಿ ಮುಗಿಸಿದೆವು, ನಾನು 2012ರಲ್ಲಿ.

2017ರ ಜುಲೈಯಲ್ಲಿ ಜಿಎಸ್‌ಟಿ ಬಂದಾಗ ಅದನ್ನು ಮೊಬೈಲಿನ ವಿಡಿಯೋ ನೋಡಿ ಕಲಿತೆ. ಬೇಕಾದಲ್ಲಿ ನಿಲ್ಲಿಸಿ ಮತ್ತೆ ಕೇಳಬಹುದಾದ್ದರಿಂದ ಭಾಷೆಯ ತೊಡಕು ಅರ್ಧಕ್ಕರ್ಧ ಕಳೆಯಿತು ಎನ್ನಬೇಕು. ಆದರೆ ಬಿಡಿಸಿದ ಲೆಕ್ಕವನ್ನು ರೈಲಿನಲ್ಲಿ ಓದಿದಾಗಿನ ಅದೇ ಮೋಸ ಇಲ್ಲಿಯೂ ಇದೆ. ನೋಡಿದ್ದು ತಿಳಿದಂತೆಯೇ ಅನಿಸುತ್ತದೆ. ಪ್ರತಿ ವಿಡಿಯೋದ ನಂತರ ಪೇಢಿಯ ಒಂದು ನಿಜವಾದ ಬಿಲ್ಲನ್ನು ಎದುರಿಗಿಟ್ಟು ತೆರಿಗೆ ಹಾಕಿ ನೋಡಿದ ಮೇಲಷ್ಟೇ ನಾನು ಮುಂದಿನದಕ್ಕೆ ಹೋಗುತ್ತಿದ್ದೆ.

ಈಗ ಊರಿನಿಂದ ಬಂದಿರುವ ನನ್ನ ತಂಗಿಯ ಮಗ ನಾಲಾಸೋಪಾರಾದಲ್ಲಿದ್ದು, ಕೊರಿಯರ್ ಕೆಲಸ ಮಾಡುತ್ತ ಇಗ್ನೋಗೆ ಸೇರಿದ್ದಾನೆ. ಪ್ರವೇಶಕ್ಕೆ ಬೇಕಾದ, ಯುಜಿಸಿಯ ದೂರಶಿಕ್ಷಣ ವಿಭಾಗದ ಗುರುತಿನ ಸಂಖ್ಯೆಯಾದ ಡಿಇಬಿ ಐಡಿಯನ್ನು ಅವನೇ ಮೊಬೈಲಿನಲ್ಲಿ ಹತ್ತು ನಿಮಿಷದಲ್ಲಿ ಮಾಡಿಕೊಂಡ. ಭಾನುವಾರ ರಾತ್ರಿ ಯೂನಿಟ್ಟಿನ ಸಂಖ್ಯೆ ಕಳಿಸಬೇಕೆಂದು ಹೇಳಿದ್ದೆ. ಮೊದಲೆರಡು ತಿಂಗಳು ತಪ್ಪದೆ ಬಂತು, ಕಳೆದ ಮೂರು ವಾರದಿಂದ ಸೊನ್ನೆಯೂ ಬಂದಿಲ್ಲ. ಈ ಭಾನುವಾರ ದಾದರಿನಲ್ಲಿ ಗಾಡಿ ಬದಲಿಸಿ ಅವನ ಖೋಲಿಗೇ ಹೋಗುವುದೆಂದು ನಿಶ್ಚಯಿಸಿದ್ದೇನೆ; ಹೋಗುವೆನೆಂದು ಮೊದಲೇ ಫೋನು ಮಾಡುವುದಿಲ್ಲ.