ಕಾಗದಗಳ ಆಯುಷ್ಯ: ಇಲೊಯಿಲೊದಿಂದ ರಿಯಾದ್‌ಗೆ ಹೊರಟ ಒಂದು ಕಡತದ ಜೊತೆ ಏಳು ತಿಂಗಳು

ಕುಂದಾಪುರದ ಕಡೆಯವನಾದ ನಾನು ರಿಯಾದ್‌ನ ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿದ್ದೆ. ನನ್ನ ಹೆಂಡತಿ ಅದೇ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಳು. ಇಬ್ಬರ ಕರಾರೂ ಮುಗಿದ ಮೇಲೆ, 2023ರಲ್ಲಿ, ಫಿಲಿಪೀನ್ಸಿನ ಅವಳ ಊರಾದ ಇಲೊಯಿಲೊಗೆ ಹೋಗಿ ಅಲ್ಲಿಯೇ ಮದುವೆಯಾದೆವು. ಕೆಲವೇ ವಾರಗಳಲ್ಲಿ ರಿಯಾದ್‌ನ ಬೇರೊಂದು ಆಸ್ಪತ್ರೆಯಿಂದ ಅವಳಿಗೆ ಕರೆ ಬಂತು. ಹಳೆಯ ಉದ್ಯೋಗದಾತರ ಬಳಿಗೇ ಮರಳುವವರನ್ನು ಅಲ್ಲಿ ‘ಬಾಲಿಕ್ ಮಂಗಗಾವಾ’ ಎನ್ನುತ್ತಾರೆ ಮತ್ತು ಅವರ ಹಾದಿ ಸಲೀಸು. ಉದ್ಯೋಗದಾತರು ಬದಲಾದರೆ ಮಾತ್ರ ಎಷ್ಟೇ ವರ್ಷದ ಅನುಭವವಿದ್ದರೂ ಮೊದಲ ಸಲ ಹೊರಡುವವರಂತೆ ಎಲ್ಲವನ್ನೂ ಹೊಸದಾಗಿ ಆರಂಭಿಸಬೇಕು. ಅವಳು ಪರೀಕ್ಷೆಗೆ ಓದಿಕೊಳ್ಳುವುದು, ಕಾಗದಪತ್ರಗಳ ಓಡಾಟ ನಾನು ನೋಡಿಕೊಳ್ಳುವುದು ಎಂದು ಕೆಲಸ ಹಂಚಿಕೊಂಡೆವು.

2014ರಲ್ಲಿ ನಾನು ಊರು ಬಿಟ್ಟಾಗ ಇಂಥ ಯಾವ ತಯಾರಿಯೂ ಇರಲಿಲ್ಲ. ಎಸ್ಸೆಸ್ಸೆಲ್ಸಿ ಪಾಸಾದವರಿಗೆ ನಮ್ಮಲ್ಲಿ ವಲಸೆ ಅನುಮತಿ ಬೇಕಿಲ್ಲವಾದ್ದರಿಂದ, ನನ್ನ ಕರಾರಿನಲ್ಲಿ ಏನಿದೆ ಎಂದು ಮಂಗಳೂರಿನಿಂದ ರಿಯಾದ್‌ವರೆಗೆ ಒಬ್ಬರೂ ಕೇಳಲಿಲ್ಲ. ನಿಜ ಹೇಳಬೇಕೆಂದರೆ ನಾನೂ ಅದನ್ನು ಪೂರ್ತಿ ಓದಿರಲಿಲ್ಲ. ಫಿಲಿಪೀನ್ಸಿನಲ್ಲಿ ಹೊರಡುವುದೇ ಒಂದು ಸರ್ಕಾರಿ ವ್ಯವಹಾರ. 1995ರ ಮಾರ್ಚ್‌ನಲ್ಲಿ ಫ್ಲೋರ್ ಕಾಂಟೆಂಪ್ಲಾಸಿಯೊನ್ ಎಂಬ ಮನೆಗೆಲಸದ ಹೆಂಗಸನ್ನು ಸಿಂಗಾಪುರದಲ್ಲಿ ಗಲ್ಲಿಗೇರಿಸಿದಾಗ ದೇಶವೇ ಬೀದಿಗಿಳಿಯಿತು. ಅದೇ ವರ್ಷದ ಜೂನ್ 7ರಂದು ವಲಸೆ ಕಾರ್ಮಿಕರ ಕಾನೂನಿಗೆ ಸಹಿ ಬಿತ್ತು. 2021ರ ಡಿಸೆಂಬರ್ 30ರ ಕಾನೂನು ಇದಕ್ಕೆಂದೇ ಪ್ರತ್ಯೇಕ ಇಲಾಖೆಯನ್ನು, ಅಂದರೆ ಡಿಎಂಡಬ್ಲ್ಯುವನ್ನು ಹುಟ್ಟುಹಾಕಿತು. ನನ್ನ ಮಾವನ ಬಾಯಲ್ಲಿ ಮಾತ್ರ ಅದು ಇಂದಿಗೂ ಹಳೆಯ ಹೆಸರಿನ ಪಿಒಇಎ.

ನಾವು ಎಡವಿದ್ದು ಮೊದಲ ಮೆಟ್ಟಿಲಲ್ಲೇ. ಮನಿಲಾದ ನೇಮಕಾತಿ ಏಜೆನ್ಸಿಯೊಂದು ತನ್ನ ಪರವಾನಗಿಯ ಪ್ರತಿಯನ್ನು ಕಳಿಸಿತು. ಇಲಾಖೆಯ ಜಾಲತಾಣದಲ್ಲಿ ನೋಡಿದರೆ ಪರವಾನಗಿ ಅಸಲಿಯೇ. ಅಷ್ಟಕ್ಕೇ ಸಮಾಧಾನಗೊಂಡು, ಅವರು ಕೇಳಿದ ‘ತರಬೇತಿ ಶುಲ್ಕ’ ಕಟ್ಟಲು ನಾನು ಹೊರಟಿದ್ದೆ. ತಡೆದವಳು ಹೆಂಡತಿಯ ಚಿಕ್ಕಮ್ಮ, ಹಾಂಗ್‌ಕಾಂಗ್‌ನಲ್ಲಿ ಮನೆಗೆಲಸ ಮಾಡಿ ಬಂದವಳು. ‘ಹಿನಯ್-ಹಿನಯ್’ ಎಂದಳು, ಹಿಲಿಗೈನೊನ್ ಭಾಷೆಯಲ್ಲಿ ‘ನಿಧಾನ, ನಿಧಾನ’ ಎಂದರ್ಥ. ಪರವಾನಗಿ ಬೇರೆ, ಜಾಬ್ ಆರ್ಡರ್ ಬೇರೆ: ಇಂಥ ದೇಶದ ಇಂಥ ಉದ್ಯೋಗದಾತರಿಗೆ ಇಂಥ ಹುದ್ದೆಗಳಿಗಾಗಿ ಇಂತಿಷ್ಟು ಜನ ಎಂದು ಇಲಾಖೆ ಒಪ್ಪಿದ ಪಟ್ಟಿಯಲ್ಲಿ ಆ ಕೆಲಸ ಇರಬೇಕು. ಹುಡುಕಿದೆವು, ಆ ಏಜೆನ್ಸಿಯ ಹೆಸರಿನ ಕೆಳಗೆ ನಮ್ಮ ಆಸ್ಪತ್ರೆ ಇರಲಿಲ್ಲ. ಆಸ್ಪತ್ರೆಯ ಸಿಬ್ಬಂದಿ ವಿಭಾಗಕ್ಕೇ ಪತ್ರ ಬರೆದಾಗ ಅವರ ನೇಮಕಾತಿ ನಡೆಸುತ್ತಿದ್ದುದು ಇನ್ನೊಂದು ಏಜೆನ್ಸಿ ಎಂದು ತಿಳಿಯಿತು. ಅಲ್ಲಿಂದ ಮುಂದೆ, ಜಾಬ್ ಆರ್ಡರ್ ಕಣ್ಣಾರೆ ನೋಡದೆ ಒಂದು ಪೆಸೊವನ್ನೂ ಬಿಚ್ಚಬಾರದೆಂದು ನಿರ್ಧರಿಸಿದೆವು.

ಆಮೇಲೆ ಹೆಸರಿನ ಪ್ರಶ್ನೆ ಎದ್ದಿತು. ಫಿಲಿಪೀನ್ಸಿನಲ್ಲಿ ನಡುಹೆಸರೆಂದರೆ ತಾಯಿಯ ತವರಿನ ಮನೆತನದ ಹೆಸರು. ಮದುವೆಯಾದವಳು ಗಂಡನ ಮನೆತನದ ಹೆಸರನ್ನು ಸೇರಿಸಿಕೊಂಡರೆ ತನ್ನ ಹುಟ್ಟುಮನೆತನದ ಹೆಸರು ನಡುವಿಗೆ ಸರಿಯುತ್ತದೆ. ನನಗೋ ಮನೆತನದ ಹೆಸರೇ ಇಲ್ಲ, ಇರುವುದು ಎರಡು ಇನಿಷಿಯಲ್: ಒಂದು ಊರಿನದು, ಇನ್ನೊಂದು ಅಪ್ಪನದು. ಮದುವೆಯ ಹೊತ್ತಿಗೇ ವಿವಾಹ ನೋಂದಣಿಯ ಗುಮಾಸ್ತೆ ‘ಕೊನೆಯ ಹೆಸರು’ ಎಂಬ ಖಾನೆಯ ಮೇಲೆ ಪೆನ್ನು ಹಿಡಿದು ನನ್ನ ಮುಖ ನೋಡಿದಳು; ನಮ್ಮಲ್ಲಿ ಊರೇ ಹೆಸರಿನ ಮುಂದೆ ಬರುತ್ತದೆ ಎಂದು ನಾನು ವಿವರಿಸಿದಷ್ಟೂ ಅವಳ ಹುಬ್ಬು ಮೇಲೇರಿತು. ಕೊನೆಗೆ ನನ್ನ ಪಾಸ್‌ಪೋರ್ಟಿನಲ್ಲಿದ್ದಂತೆ ಬರೆದಳು. ಅಲ್ಲಿನ ಕಾನೂನಿನಂತೆ ಗಂಡನ ಹೆಸರು ಹಚ್ಚಿಕೊಳ್ಳುವುದು ಹೆಂಡತಿಯ ಇಚ್ಛೆಗೆ ಬಿಟ್ಟ ವಿಷಯ, ಕಡ್ಡಾಯವಲ್ಲ. ಒಮ್ಮೆ ಪಾಸ್‌ಪೋರ್ಟಿನಲ್ಲಿ ಗಂಡನ ಹೆಸರು ಸೇರಿದರೆ ಮನಸ್ಸು ಬಂದಂತೆ ಹಿಂದೆ ಹೋಗಲಾಗದೆಂದು ಅವರ ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿತ್ತು. 2024ರ ಪಾಸ್‌ಪೋರ್ಟ್ ಕಾನೂನು ಇದನ್ನು ಸಡಿಲಿಸಿತಾದರೂ ನಮ್ಮ ಕಾಲಕ್ಕೆ ಆ ಸೌಲಭ್ಯ ಇರಲಿಲ್ಲ. ಅವಳ ಪದವಿ, ಅಂಕಪಟ್ಟಿ, ನರ್ಸಿಂಗ್ ಪರವಾನಗಿ ಎಲ್ಲವೂ ತವರಿನ ಹೆಸರಿನಲ್ಲೇ ಇದ್ದುದರಿಂದ ಪಾಸ್‌ಪೋರ್ಟನ್ನು ಮುಟ್ಟಲಿಲ್ಲ. ಈ ಒಂದು ತೀರ್ಮಾನ ನಮಗೆ ಎಷ್ಟು ಅಲೆದಾಟ ಉಳಿಸಿತು ಎನ್ನುವುದು, ಮದುವೆಯಾದೊಡನೆ ಹೆಸರು ಬದಲಿಸಿಕೊಂಡ ಅವಳ ಗೆಳತಿಯ ಪಾಡು ನೋಡಿದಾಗ ಅರ್ಥವಾಯಿತು.

ಉಳಿದ ಕಾಗದಗಳಲ್ಲಿ ಕಷ್ಟವೆಂಬುದಿಲ್ಲ, ಕಾಯುವುದಿದೆ. ಪಿಎಸ್‌ಎ ಎಂಬ ಅಂಕಿಅಂಶ ಸಂಸ್ಥೆಯ ಜನನ ಪ್ರಮಾಣಪತ್ರ, ಅಪರಾಧದ ದಾಖಲೆಯಿಲ್ಲವೆಂದು ಎನ್‌ಬಿಐ ಎಂಬ ತನಿಖಾ ಸಂಸ್ಥೆ ಕೊಡುವ ಕ್ಲಿಯರೆನ್ಸ್, ಕಾಲೇಜಿನ ಅಂಕಪಟ್ಟಿಗೆ ಶಿಕ್ಷಣ ಆಯೋಗದ ದೃಢೀಕರಣ, ಆಮೇಲೆ ವಿದೇಶಾಂಗ ಇಲಾಖೆಯ ಅಪಾಸ್ಟೀಲ್, ಅಂದರೆ ಒಪ್ಪಂದದೊಳಗಿನ ಬೇರೆ ದೇಶಗಳೂ ಒಪ್ಪುವ ದೃಢೀಕರಣ. ಫಿಲಿಪೀನ್ಸ್ 2019ರಲ್ಲೂ ಸೌದಿ 2022ರ ಡಿಸೆಂಬರ್‌ನಲ್ಲೂ ಅಪಾಸ್ಟೀಲ್ ಒಪ್ಪಂದದೊಳಗೆ ಬಂದಿವೆ. ಜೊತೆಗೆ ಪದವಿ ಮತ್ತು ಅನುಭವದ ದಾಖಲೆಗಳನ್ನು ಮೂಲದಲ್ಲೇ ವಿಚಾರಿಸುವ ಡೇಟಾಫ್ಲೋ, ಸೌದಿಯ ನರ್ಸಿಂಗ್ ಪರವಾನಗಿಗೆಂದು ಕಂಪ್ಯೂಟರಿನ ಮುಂದೆ ಕೂತು ಬರೆಯುವ ಪ್ರೊಮೆಟ್ರಿಕ್ ಪರೀಕ್ಷೆ, ಕೊಲ್ಲಿ ದೇಶಗಳು ಒಪ್ಪಿದ ಕ್ಲಿನಿಕ್ಕಿನಲ್ಲಿ ವೈದ್ಯಕೀಯ ತಪಾಸಣೆ. ಒಂದೊಂದು ಕಾಗದಕ್ಕೂ ಒಂದೊಂದು ಆಯುಷ್ಯವಿರುವುದರಿಂದ, ಬೇಗ ಮುಗಿಸೋಣವೆಂದು ಎಲ್ಲವನ್ನೂ ಮೊದಲೇ ಮಾಡಿಸಿದರೆ ಕೊನೆಯದು ಕೈಗೆ ಬರುವಾಗ ಮೊದಲಿನದು ಸತ್ತಿರುತ್ತದೆ. ಹಾಗಾಗಿ ಅಡಿಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ನಾನು ಹೊರಡುವ ದಿನದಿಂದ ಹಿಂದಕ್ಕೆ ಲೆಕ್ಕ ಹಾಕಿದೆ. ಸಾಯದ ಕಾಗದಗಳು, ಅಂದರೆ ಪದವಿ ಮತ್ತು ಅಂಕಪಟ್ಟಿಗಳ ಕೆಲಸ ಮೊದಲು. ವೈದ್ಯಕೀಯ ತಪಾಸಣೆ ಆದಷ್ಟೂ ತಡವಾಗಿ.

ಕರಾರು ಬಂದ ರಾತ್ರಿ ಅತ್ತೆಯ ಊಟದ ಮೇಜಿನ ಮೇಲೆ ಆಸ್ಪತ್ರೆಯ ಮೊದಲ ಪತ್ರವನ್ನೂ ಕರಾರನ್ನೂ ಪಕ್ಕಪಕ್ಕ ಇಟ್ಟು, ಅವಳು ಒಂದನ್ನು ಓದುವುದು, ನಾನು ಇನ್ನೊಂದರಲ್ಲಿ ಬೆರಳಿಟ್ಟು ಹುಡುಕುವುದು ಎಂದು ಕೂತೆವು. ಸಂಬಳ, ಕೆಲಸದ ಗಂಟೆ, ರಜೆ, ವಿಮಾನದ ಟಿಕೆಟ್ ಎಲ್ಲವೂ ಹೊಂದಿದವು. ವಸತಿಯ ಸಾಲಿನಲ್ಲಿ ಬೆರಳು ನಿಂತಿತು: ಪತ್ರದಲ್ಲಿ ‘ಉಚಿತ ವಸತಿ’, ಕರಾರಿನಲ್ಲಿ ‘ವಸತಿ ಅಥವಾ ಭತ್ಯೆ’, ಭತ್ಯೆಯ ಮೊತ್ತದ ಜಾಗ ಖಾಲಿ. ರಿಯಾದ್‌ನ ಮನೆಬಾಡಿಗೆ ನಮಗಿಬ್ಬರಿಗೂ ಗೊತ್ತಿದ್ದುದರಿಂದ ಆ ಖಾಲಿ ಜಾಗ ಎಷ್ಟು ದುಬಾರಿಯೆಂದು ಯಾರೂ ಹೇಳಬೇಕಿರಲಿಲ್ಲ. ಮೊತ್ತ ತುಂಬಿದ ಹೊಸ ಪ್ರತಿ ಬರುವವರೆಗೆ ಎರಡು ವಾರ ಅವಳು ಸಹಿ ಹಾಕಲಿಲ್ಲ. ಏಜೆನ್ಸಿಯವರು ಸ್ವಲ್ಪ ಸಿಡುಕಿದರೂ ತರಿಸಿಕೊಟ್ಟರು. ಅವರು ತರಿಸಲೇಬೇಕಾಗಿತ್ತೆಂದು ನನ್ನ ಅಭಿಪ್ರಾಯ, ಏಕೆಂದರೆ ಅಲ್ಲಿನ ಕಾನೂನು ಉದ್ಯೋಗದಾತರ ಬಾಕಿಗೆ ಏಜೆನ್ಸಿಯನ್ನೂ ಸಮಾನ ಹೊಣೆಯಾಗಿಸುತ್ತದೆ. ನಮ್ಮವರಲ್ಲಿ ಇಂಥ ಖಾಲಿ ಜಾಗಗಳಿಗೆ ಸಹಿ ಹಾಕಿ ಹೋದವರನ್ನು ನಾನು ಕೊಲ್ಲಿಯಲ್ಲಿ ಬೇಕಾದಷ್ಟು ನೋಡಿದ್ದೇನೆ.

ಹಣದ ವಿಷಯದಲ್ಲಿ ನನಗೊಂದು ವಿಚಿತ್ರ ಮುಜುಗರವಿತ್ತು. ಅಲ್ಲಿ ಭಾರತೀಯನೆಂದರೆ ‘ಬುಂಬಾಯ್’. ಬುಂಬಾಯ್ ಎಂದರೆ ಮೋಟರ್‌ಸೈಕಲ್ಲಿನಲ್ಲಿ ಬೀದಿ ಬೀದಿ ತಿರುಗಿ ಐದು ಕೊಟ್ಟು ಆರು ವಸೂಲು ಮಾಡುವ ‘ಫೈವ್-ಸಿಕ್ಸ್’ ಸಾಲ ಕೊಡುವವನು. ಹಟ ಮಾಡುವ ಮಕ್ಕಳಿಗೆ ‘ಬುಂಬಾಯ್ ಬಂದು ಚೀಲಕ್ಕೆ ಹಾಕಿಕೊಂಡು ಹೋಗುತ್ತಾನೆ’ ಎಂದು ಹೆದರಿಸುವುದೂ ಉಂಟು. ಮೊದಲ ತಿಂಗಳು ನಾನು ಅಂಗಡಿಗೆ ಹೋದರೆ ಇಬ್ಬರು ಮೂವರಾದರೂ ಒಳಗೆ ಸರಿಯುತ್ತಿದ್ದರು. ಹೊರಡುವ ಮುನ್ನಿನ ಖರ್ಚಿಗೆ ಇಂಥ ಸಾಲ ಎತ್ತುವ ಮನೆಗಳು ಅಲ್ಲಿ ಕಡಿಮೆಯಿಲ್ಲ. ಏಜೆನ್ಸಿಯ ನೇಮಕಾತಿ ಶುಲ್ಕಕ್ಕೆ ಒಂದು ತಿಂಗಳ ಸಂಬಳದ ಮಿತಿಯಿದೆ, ಮನೆಗೆಲಸದವರಿಂದ ಅದನ್ನು ಪಡೆಯುವಂತೆಯೇ ಇಲ್ಲ. ನಮ್ಮದನ್ನು ಆಸ್ಪತ್ರೆಯೇ ಭರಿಸಿತು. ಹಾಗಿದ್ದೂ ಮನಿಲಾಕ್ಕೆ ಮತ್ತೆ ಮತ್ತೆ ಹೋಗಿಬರುವ ಖರ್ಚು ನಮ್ಮ ಉಳಿತಾಯವನ್ನು ಚೆನ್ನಾಗಿಯೇ ತಿಂದಿತು.

ಪಿಡಿಒಎಸ್ ಎಂಬ ಹೊರಡುವ ಮುನ್ನಿನ ತರಬೇತಿಗೆ ಅವಳು ಬೇಸರದಿಂದಲೇ ಹೋದಳು, ಸೌದಿಯಲ್ಲಿ ಇದ್ದು ಬಂದವಳಿಗೆ ಸೌದಿಯ ರೀತಿನೀತಿ ಹೇಳಿಕೊಡುವುದೇನೆಂದು. ಮರಳಿ ಬಂದಾಗ ಮಾತ್ರ ಕೈಯಲ್ಲೊಂದು ಚೀಟಿಯಿತ್ತು: ತಿಂಗಳ ಸಂಬಳದಲ್ಲಿ ಯಾರ ಯಾರ ಪಾಲು ಎಷ್ಟೆಂದು ಅಲ್ಲಿ ಬರೆಸಿದ್ದರಂತೆ. ತಮ್ಮನ ಕಾಲೇಜು, ಅಪ್ಪನ ಔಷಧಿ, ಚಾವಣಿಯ ತಗಡು ಎಂದು ಕೂಡುತ್ತಾ ಬಂದರೆ ಅವಳ ಪಾಲಿಗೆ ಉಳಿದದ್ದು ಸೊನ್ನೆಗಿಂತ ಸ್ವಲ್ಪ ಕಡಿಮೆ. ಆ ಚೀಟಿಯನ್ನು ಅವಳು ಅದೇ ಸಂಜೆ ಮನೆಯವರೆಲ್ಲರ ಎದುರು ಓದಿದಳು. ತಗಡು ಮುಂದಿನ ವರ್ಷಕ್ಕೆ ಹೋಯಿತು. ಅತ್ತೆ ಎರಡು ದಿನ ನನ್ನೊಡನೆ ಮಾತಾಡಲಿಲ್ಲ.

ಕೊನೆಯದು ಒಇಸಿ, ಅಂದರೆ ಹೊರದೇಶದ ಉದ್ಯೋಗ ಪ್ರಮಾಣಪತ್ರ. ಕಾರ್ಮಿಕರ ಕಲ್ಯಾಣ ಸಂಸ್ಥೆಯಾದ ಒಡಬ್ಲ್ಯುಡಬ್ಲ್ಯುಎಯ 25 ಡಾಲರಿನ ಸದಸ್ಯತ್ವ, ವಿಮೆ, ವೀಸಾ ಎಲ್ಲವೂ ಸೇರಿದ ಮೇಲೆ ಬರುವ ಈ ಕಾಗದವಿಲ್ಲದೆ ಕಾರ್ಮಿಕರನ್ನು ವಿಮಾನ ಹತ್ತಲು ಬಿಡುವುದಿಲ್ಲ. ಇದ್ದರೆ 1,620 ಪೆಸೊ ಪ್ರಯಾಣ ತೆರಿಗೆಯೂ ಇಲ್ಲ. ಇದರ ಆಯುಷ್ಯ 60 ದಿನ. ಮನಿಲಾದ ವಿಮಾನ ನಿಲ್ದಾಣದಲ್ಲಿ ವಲಸೆ ಅಧಿಕಾರಿ ಅವಳ ಪ್ಲಾಸ್ಟಿಕ್ ಕಡತವನ್ನು ತಿರುವಿ, ಒಂದೂ ಪ್ರಶ್ನೆ ಕೇಳದೆ ಮುದ್ರೆ ಒತ್ತಿದರು. ಗಾಜಿನಾಚೆಯಿಂದ ಅವಳು ಕೈಬೀಸಿದಾಗ, ಏಳು ತಿಂಗಳಲ್ಲಿ ಒಂದು ಕಾಗದವನ್ನೂ ಸಾಯಲು ಬಿಡಲಿಲ್ಲವೆಂದು ಬೀಗಿದೆ.

ಅದೇ ರಾತ್ರಿ ಊರಿಗೆ ಹೊರಡಬೇಕಾಗಿದ್ದ ನನ್ನನ್ನು ಅಲ್ಲಿಯೇ ತಡೆದರು. ಪ್ರವಾಸಿ ವೀಸಾದಲ್ಲಿ ಆರು ತಿಂಗಳು ದಾಟಿ ಉಳಿದ ವಿದೇಶಿಯರು ದೇಶ ಬಿಡುವ ಮುನ್ನ ವಲಸೆ ಕಚೇರಿಯಿಂದ ಇಸಿಸಿ ಎಂಬ ನಿರ್ಗಮನ ಪತ್ರ ಪಡೆದಿರಬೇಕಂತೆ. ಗೋಡೆಯ ಕ್ಯಾಲೆಂಡರಿನಲ್ಲಿ ನನ್ನ ಹೆಸರಿನ ಒಂದು ಖಾನೆಯೂ ಇರಲಿಲ್ಲ. ಅವಳು ರಿಯಾದ್ ತಲುಪಿ ಕರೆ ಮಾಡಿದಾಗ ನಾನು ಮನಿಲಾದ ಅಗ್ಗದ ಹೋಟೆಲೊಂದರಲ್ಲಿ ಕೂತು ನನ್ನದೇ ಅರ್ಜಿಯ ‘ಕೊನೆಯ ಹೆಸರು’ ಎಂಬ ಖಾನೆಯನ್ನು ನೋಡುತ್ತಿದ್ದೆ.