ಮಳೆಗಾಲದಲ್ಲಿ ಟಾಮ್‌ಕ್ಯಾಟ್ ಬದಲಿಸಿದೆವು

ಗೋಣಿಕೊಪ್ಪದ ಒಂದು ಕಾಫಿ ಖರೀದಿ ಮಳಿಗೆಯ ಸಾಫ್ಟ್‌ವೇರ್ ನೋಡಿಕೊಳ್ಳುವುದು ನನ್ನ ಕೆಲಸ. ಬೆಳೆಗಾರರು ಮೂಟೆ ತಂದಾಗ ತೂಕ, ತೇವಾಂಶ, ಔಟ್‌ಟರ್ನ್ (ಮೂಟೆಯಿಂದ ಸಿಗುವ ಶುದ್ಧ ಬೀಜದ ಪ್ರಮಾಣ) ಎಲ್ಲ ದಾಖಲಾಗಿ ಕೈಗೆ ಚೀಟಿ ಬರಬೇಕು. ಅದು ಓಡುತ್ತಿದ್ದದ್ದು ಜಾವಾ ವೆಬ್ ಆ್ಯಪ್‌ಗಳನ್ನು ಓಡಿಸುವ ಸರ್ವರ್ ಪ್ರೋಗ್ರಾಂ ಆದ ಟಾಮ್‌ಕ್ಯಾಟ್ 8.5.32 ಮೇಲೆ. 2018ರಲ್ಲಿ ಹಾಕಿದ್ದು. ತೊಂದರೆ ಕೊಡಲಿಲ್ಲ, ಹಾಗಾಗಿ ಯಾರೂ ಮುಟ್ಟಲಿಲ್ಲ.

2024ರ ಮಾರ್ಚ್ 31ಕ್ಕೆ 8.5ರ ಬೆಂಬಲ ಮುಗಿಯಿತು, ಅಂದರೆ ಇನ್ನು ದೋಷ ಸರಿಪಡಿಸಿದ ಬಿಡುಗಡೆ ಬರುವುದಿಲ್ಲ. ಮಾರನೇ ದಿನವೂ ಚೀಟಿ ಎಂದಿನಂತೆ ಬಂತು. ಅದೇ ನಮ್ಮನ್ನು ಮೈಮರೆಸುವುದು. ಜುಲೈನಲ್ಲಿ ಟಾಮ್‌ಕ್ಯಾಟ್‌ನಲ್ಲಿ ಎಚ್‌ಟಿಟಿಪಿ 2ಗೆ (ಬ್ರೌಸರ್ ಮತ್ತು ಸರ್ವರ್ ಮಾತಾಡುವ ಒಂದು ವಿಧಾನ) ಸಂಬಂಧಿಸಿದ ಒಂದು ದೋಷ ಪ್ರಕಟವಾಯಿತು. ತೊಂದರೆ ಇರುವ ಆವೃತ್ತಿಗಳ ಪಟ್ಟಿಯಲ್ಲಿ 9, 10.1, 11 ಇದ್ದವು. 8.5 ಇರಲಿಲ್ಲ. ಒಂದು ಕ್ಷಣ ನೆಮ್ಮದಿಯಾಯಿತು. ಆಮೇಲೆ ಹೊಳೆಯಿತು: ಹೆಸರಿಲ್ಲ ಅಂದರೆ ದೋಷ ಇಲ್ಲ ಅಂತಲ್ಲ, ಅದನ್ನು ಪರೀಕ್ಷಿಸುವವರು ಈಗ ಇಲ್ಲ ಅಂತ. ನಮ್ಮಲ್ಲಿ ಎಚ್‌ಟಿಟಿಪಿ 2 ಆನ್ ಆಗಿರಲಿಲ್ಲ, ಸರಿ. ಮುಂದಿನ ದೋಷ ಬಂದರೆ?

ಮಾಲೀಕರಿಗೆ ಹೇಳಿದೆ. "ಚೆನ್ನಾಗೇ ಓಡ್ತಾ ಉಂಟಲ್ಲ, ಈಗ ಎಂತಕ್ಕೆ ಮುಟ್ಟೋದು?" ಅಂದರು. ಅವರ ಭಯ ನ್ಯಾಯವಾದದ್ದೇ. "ಅಣ್ಣ, ಕೊಯ್ಲಿನ ಸಮಯದಲ್ಲಿ ಜೀಪುಗಳು ಸಾಲು ನಿಂತಾಗ ಮುಟ್ಟೋದಕ್ಕಿಂತ ಮಳೆಗಾಲದಲ್ಲೇ ಮುಗಿಸೋಣ" ಅಂದೆ. ಒಪ್ಪಿದರು.

ಎಲ್ಲಿಗೆ ಹೋಗುವುದು? ಮೊದಲು ನನ್ನ ಲ್ಯಾಪ್‌ಟಾಪಿನಲ್ಲಿ 10.1 ಹಾಕಿ ನೋಡಿದೆ. ಅದಕ್ಕೆ ಕನಿಷ್ಠ ಜಾವಾ 11 ಬೇಕು, ನಮ್ಮದು ಜಾವಾ 8. ಅದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. 10ರಿಂದ ಸರ್ವ್‌ಲೆಟ್ (ಬ್ರೌಸರಿನ ಕೋರಿಕೆಗೆ ಉತ್ತರಿಸುವ ಜಾವಾ ಕೋಡ್) ಕ್ಲಾಸುಗಳ ಹೆಸರಿನ ಮೊದಲ ಭಾಗ 'ಜಾವಾಎಕ್ಸ್' ಹೋಗಿ 'ಜಕಾರ್ತಾ' ಆಗಿದೆ. ಹಳೆಯ ಕೋಡ್ ಹಾಗೇ ಹಾಕಿದರೆ ಕ್ಲಾಸ್ ಸಿಗುತ್ತಿಲ್ಲ ಅಂತ ನಿಂತುಬಿಡುತ್ತದೆ. ಟಾಮ್‌ಕ್ಯಾಟ್ ತಂಡದ್ದೇ ಪರಿವರ್ತನೆಯ ಟೂಲ್ ಇದೆ. ಆದರೆ ಪರಿವರ್ತಿಸಿದ ಮೇಲೆ ಪ್ರತಿ ಪುಟವನ್ನೂ ಪರೀಕ್ಷಿಸಬೇಕಲ್ವಾ? ಹಾಗಾಗಿ 9.0ಕ್ಕೆ ಹೋದೆ. ಜಾವಾ 8 ಸಾಕು, ಕೋಡ್ ಬದಲಿಸಬೇಕಾಗಿಲ್ಲ, ಬೆಂಬಲವೂ ಇದೆ.

ಒಂದು ಭಾನುವಾರ, ಸುರಿಯುವ ಮಳೆಯಲ್ಲಿ, ಕೆಲಸ ಶುರು ಮಾಡಿದೆ. ಟಾಮ್‌ಕ್ಯಾಟ್ ಪ್ರೋಗ್ರಾಂ ಒಂದು ಫೋಲ್ಡರ್, ನಮ್ಮ ಸೆಟ್ಟಿಂಗ್ ಮತ್ತು ಆ್ಯಪ್ ಇನ್ನೊಂದು. ಕ್ಯಾಟಲಿನಾ ಹೋಮ್, ಕ್ಯಾಟಲಿನಾ ಬೇಸ್ ಅನ್ನುವುದು ಇದಕ್ಕೇ. ಹಳೆಯದನ್ನು ಅಳಿಸಲಿಲ್ಲ. ನಡುವೆ ಎರಡು ಸಲ ಕರೆಂಟ್ ಹೋಯಿತು. ಯುಪಿಎಸ್ ಮೇಲೆ ಮುಂದುವರಿದೆ.

ಹಳೆಯ ಸರ್ವರ್ ಸೆಟ್ಟಿಂಗ್ ಫೈಲನ್ನು ಸುಮ್ನೆ ನಕಲು ಮಾಡಿದೆ. ಟಾಮ್‌ಕ್ಯಾಟ್ ಎದ್ದಿತು, ಬ್ರೌಸರಿನಲ್ಲಿ ಮಾತ್ರ 503, ಅಂದರೆ ಸೇವೆ ಲಭ್ಯವಿಲ್ಲ. ಲಾಗ್ ತೆಗೆದರೆ ಎಜೆಪಿ ಕನೆಕ್ಟರ್ (ಮುಂದಿರುವ ಅಪಾಚೆ ವೆಬ್ ಸರ್ವರ್ ಟಾಮ್‌ಕ್ಯಾಟ್ ಜೊತೆ ಮಾತಾಡುವ ದಾರಿ) ಏಳಲೇ ಇಲ್ಲ, ಸೀಕ್ರೆಟ್ (ಗುಟ್ಟಿನ ಪದ) ಕಡ್ಡಾಯ, ಆದರೆ ಕೊಟ್ಟಿಲ್ಲ ಅಂತ ಬರೆದಿತ್ತು. ಇದು 2020ರ 'ಘೋಸ್ಟ್‌ಕ್ಯಾಟ್' ದೋಷದ ನಂತರ ಬಂದ ಬದಲಾವಣೆ. ಆ ದೋಷದಲ್ಲಿ ಎಜೆಪಿಯ 8009 ಪೋರ್ಟ್ ತಲುಪಬಲ್ಲ ಯಾರೇ ಆದರೂ ಆ್ಯಪ್‌ನೊಳಗಿನ ಫೈಲುಗಳನ್ನು ಓದಬಹುದಿತ್ತು. ಡೇಟಾಬೇಸ್ ಪಾಸ್‌ವರ್ಡ್ ಇರುವ ಫೈಲನ್ನೂ. ಇದಕ್ಕೆ ಪರಿಹಾರ 8.5.51ರಲ್ಲೇ ಬಂದಿತ್ತು. ನಾವು 8.5.32ರಲ್ಲೇ ಕೂತಿದ್ದೆವು, ಆಫೀಸಿನ ನೆಟ್‌ವರ್ಕಿಗೆಲ್ಲ ಆ ಪೋರ್ಟ್ ತೆರೆದುಕೊಂಡೇ ಇತ್ತು. ಬೆಂಬಲ ಇದ್ದ ನಾಲ್ಕು ವರ್ಷ ಅದನ್ನು ನಾನು ಬಳಸಿಕೊಳ್ಳಲೇ ಇಲ್ಲ. ಮಾರ್ಚ್ 31 ಮುಗಿದದ್ದಕ್ಕಿಂತ ಜಾಸ್ತಿ ನನ್ನನ್ನು ಕಾಡಿದ್ದು ಇದು.

ಎಜೆಪಿ ಪೂರ್ತಿ ತೆಗೆದೆ. ಮುಂದಿರುವ ಅಪಾಚೆಯಿಂದ ಸಾಮಾನ್ಯ ಎಚ್‌ಟಿಟಿಪಿ ಪ್ರಾಕ್ಸಿ ಮಾಡಿ, ಟಾಮ್‌ಕ್ಯಾಟನ್ನು ಅದೇ ಯಂತ್ರದೊಳಗಿನ ವಿಳಾಸ 127.0.0.1ಕ್ಕೆ ಕಟ್ಟಿಹಾಕಿದೆ. ಆಗ ಲಾಗಿನ್ ಆದಮೇಲೆ ಪುಟ ಎಚ್‌ಟಿಟಿಪಿಎಸ್ ಬಿಟ್ಟು ಎಚ್‌ಟಿಟಿಪಿಗೆ ಜಾರತೊಡಗಿತು. ಕೋರಿಕೆ ಎಚ್‌ಟಿಟಿಪಿಎಸ್‌ನಲ್ಲಿ ಬಂದದ್ದು ಅನ್ನುವ ಮಾಹಿತಿಯನ್ನು ಎಜೆಪಿ ತಾನೇ ದಾಟಿಸುತ್ತಿತ್ತು. ಎಚ್‌ಟಿಟಿಪಿಯಲ್ಲಿ ಅಪಾಚೆ ಅದನ್ನು ತಿಳಿಸುವ ಒಂದು ಹೆಡರ್ ಕಳಿಸಬೇಕು, ಟಾಮ್‌ಕ್ಯಾಟ್‌ನಲ್ಲಿ ಆ ಹೆಡರ್ ಓದುವ ರಿಮೋಟ್ ಐಪಿ ವಾಲ್ವ್ ಹಾಕಬೇಕು. ಹಾಕಿದೆ, ಸರಿಹೋಯಿತು. ಸಂಜೆ ಆರಕ್ಕೆ ಪರೀಕ್ಷೆಯ ಚೀಟಿ ಪ್ರಿಂಟರಿನಿಂದ ಹೊರಬಂತು.

ಈಗ ಪ್ರತಿ ತಿಂಗಳ ಮೊದಲ ಭಾನುವಾರ 9.0ರ ಹೊಸ ಬಿಡುಗಡೆ ನೋಡುತ್ತೇನೆ. ಬಂದಿದ್ದರೆ ಪ್ರೋಗ್ರಾಂ ಫೋಲ್ಡರ್ ಒಂದನ್ನೇ ಬದಲಿಸುವುದು, ಹತ್ತು ನಿಮಿಷದ ಕೆಲಸ. ಲ್ಯಾಪ್‌ಟಾಪಿನಲ್ಲಿ 10.1ರ ಪ್ರಯತ್ನವೂ ನಡೆದಿದೆ. 'ವೆಬ್‌ಆ್ಯಪ್ಸ್-ಜಾವಾಇಇ' ಅನ್ನುವ ಫೋಲ್ಡರಿಗೆ ಹಳೆಯ ಆ್ಯಪ್ ಹಾಕಿದರೆ ಅದೇ ಪರಿವರ್ತಿಸಿಕೊಳ್ಳುತ್ತದೆ. ಲಾಗಿನ್ ಆಯಿತು, ತೂಕದ ಪುಟವೂ ಬಂತು. ಚೀಟಿ ಇನ್ನೂ ಬಂದಿಲ್ಲ.